ಸೊಸೆಗೆ ಕಟ್ಟಿದ ಮಡಿಲಕ್ಕಿ

ಡಾಕ್ಟರು ನನ್ನ ಮುಖ ನೋಡಿಕೊಂಡು ಮಾತಾಡಿದರು. ಅವಳ ಮುಖ ನೋಡಲಿಲ್ಲ.

"ಎರಡೂ ಟ್ಯೂಬ್ ಬ್ಲಾಕ್ ಆಗಿದೆ ಅಮ್ಮ," ಎಂದರು. ಕಂಪ್ಯೂಟರಿನಲ್ಲಿ ಎಕ್ಸ್‌ರೇ ಚಿತ್ರವಿತ್ತು. ಒಳಗೆ ಬಿಟ್ಟ ಬಿಳಿ ಮದ್ದು ಗರ್ಭಕೋಶದವರೆಗೆ ಹೋಗಿ ಅಲ್ಲೇ ನಿಂತುಬಿಟ್ಟಿತ್ತು. "ನ್ಯಾಚುರಲ್ ಆಗಿ ಆಗೋದು ಕಷ್ಟ. ಐವಿಎಫ್ ಒಂದೇ ದಾರಿ. ನಿಮ್ಮ ಸೊಸೆಗೆ ನೀವೇ ನಿಧಾನವಾಗಿ ಹೇಳಿ."

ಸೊಸೆ ನನ್ನ ಪಕ್ಕದ ಕುರ್ಚಿಯಲ್ಲೇ ಇದ್ದಳು. ಆ ಟೆಸ್ಟಿನ ನೋವು ಇನ್ನೂ ಇಳಿದಿರಲಿಲ್ಲ, ಹೊಟ್ಟೆ ಅದುಮಿ ಹಿಡಿದು ಕೂತಿದ್ದಳು. ಅವಳ ಕಣ್ಣು ಮೂಗು ನೋಡಿ ಇವಳಿಗೆ ಕನ್ನಡ ಬರುವುದಿಲ್ಲ ಎಂದು ಡಾಕ್ಟರು ತೀರ್ಮಾನ ಮಾಡಿರಬೇಕು.

"ನಂಗೇ ಯೋಳಿ ಡಾಕ್ಟ್ರೆ," ಎಂದಳು. "ಬ್ಲಾಕ್ ಆಗಿರೋದು ನಂದು."

ಮೈಸೂರಿನ ಆ ತಣ್ಣನೆಯ ರೂಮಿನಲ್ಲಿ, ನೇಪಾಳದ ಹುಡುಗಿಯ ಬಾಯಿಂದ ಚಾಮರಾಜನಗರ ಸೀಮೆಯ ಹಳ್ಳಿ ಮಾತು ಬಂದದ್ದು ಕೇಳಿ ನರ್ಸು ನಕ್ಕುಬಿಟ್ಟಳು. ಡಾಕ್ಟರಿಗೆ ನಾಚಿಕೆಯಾಯಿತು. ನನಗೆ ಹೆಮ್ಮೆಯಾಯಿತು. ಆಮೇಲೆ ಅವರು ಹೇಳಿದ್ದು ಏನೆಂದು ತಲೆಗೆ ಹೋಯಿತು. ಹೆಮ್ಮೆ ಇಳಿದುಹೋಯಿತು.

ಅವಳ ಹೆಸರು ಮನಮಾಯಾ. ನಮ್ಮ ಹರದನಹಳ್ಳಿಯವರು ಮೊದಲನೇ ವಾರದಲ್ಲೇ ಅದನ್ನು ಮಾಯಮ್ಮ ಮಾಡಿಕೊಂಡರು. ನನ್ನ ಮಗ ಮಲ್ಲು ದುಬೈನ ಹೋಟೆಲಿನಲ್ಲಿ ಅಡುಗೆ ಕೆಲಸದಲ್ಲಿದ್ದಾಗ ಅವಳೂ ಅಲ್ಲೇ ರೂಮುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಳು. ಮದುವೆ ಅವಳ ಊರಲ್ಲಿ, ಪೋಖರಾದಿಂದ ಆಚೆ ಯಾವುದೋ ಬೆಟ್ಟದ ಮೇಲೆ ಆಯಿತು. ನಾನು ಫೋನಿನಲ್ಲಿ ನೋಡಿದೆ. ಪಕ್ಕದ ಮನೆಯಲ್ಲಿರುವ ನನ್ನ ವಾರಗಿತ್ತಿ ಗುರುಸಿದ್ದಮ್ಮಕ್ಕ, "ಲಿಂಗ ಕಟ್ಟೋ ಮನೆಗೆ ಇದ್ಯಾವ ಊರಿನ ಕೂಸು ಕಣಮ್ಮಿ," ಎಂದು ಗೊಣಗುತ್ತಲೇ ನನ್ನ ಭುಜದ ಮೇಲಿಂದ ಇಣುಕಿ ಪೂರ್ತಿ ಮದುವೆ ನೋಡಿದಳು.

ವರ್ಷಗಳು ಕಳೆದರೂ ಮಕ್ಕಳಾಗಲಿಲ್ಲ. ನಾನು ಫೋನಿನಲ್ಲಿ ಹೇಳಿದೆ: ಇಲ್ಲಿಗೇ ಬನ್ನಿ, ಮೈಸೂರಲ್ಲಿ ದೊಡ್ಡ ದೊಡ್ಡ ಆಸ್ಪತ್ರೆ ಇದ್ದಾವೆ, ನಾನು ನೋಡಿಕೊಳ್ಳುತ್ತೇನೆ. ಕರೆದವಳು ನಾನು. ಮುಂದೆ ನಾನು ಪಟ್ಟ ಚಡಪಡಿಕೆಗೆಲ್ಲ ಬೇರು ಇದೇ.

ಬಂದರು. ಮಲ್ಲುವಿಗೆ ಗುಂಡ್ಲುಪೇಟೆ ಆಚೆ, ಬಂಡೀಪುರದ ದಾರಿಯ ರೆಸಾರ್ಟಿನಲ್ಲಿ ಕೆಲಸ ಸಿಕ್ಕಿತು. ವಾರಕ್ಕೊಂದು ಸಲ ಮನೆಗೆ. ಅಂದರೆ ಗಂಡನನ್ನು ನಂಬಿಕೊಂಡು ಪರದೇಶಕ್ಕೆ ಬಂದ ಹುಡುಗಿಗೆ ಉಳಿದದ್ದು ಅತ್ತೆ. ಅದೂ ನನ್ನಂಥ ಅತ್ತೆ.

ನಾನು ಎಂಥವಳು ಅಂತ ಹೇಳಿಬಿಡುತ್ತೇನೆ. ನಮ್ಮೂರಿನ ಹೆಂಗಸರ ಹಾಲಿನ ಸೊಸೈಟಿಗೆ ನಾನು ಸೆಕ್ರೆಟರಿ. ಬೆಳಿಗ್ಗೆ, ಸಂಜೆ ಡೈರಿ ಬಾಗಿಲು ತೆಗೆಯುವುದು, ಹಾಲು ಅಳೆಯುವುದು, ಫ್ಯಾಟ್ ನೋಡುವುದು. ಯಾರು ನೀರು ಬೆರೆಸಿದ್ದಾರೆ ಎಂದು ಮೆಷಿನ್ ಹೇಳುವ ಮೊದಲೇ ಅವರು ಕ್ಯಾನ್ ಹಿಡಿದು ನಿಂತ ರೀತಿಯಲ್ಲೇ ನನಗೆ ಗೊತ್ತಾಗುತ್ತದೆ, ಗೊತ್ತಾದದ್ದನ್ನು ಬಾಯಿಬಿಟ್ಟು ಹೇಳುತ್ತೇನೆ. ಹೀಗಾಗಿ ಊರಲ್ಲಿ ಮರ್ಯಾದೆ ಇದೆ, ಸ್ನೇಹಿತರು ಕಡಿಮೆ. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಮಾತಾಡುವುದೇ ಮರೆತಿತ್ತು.

ಮಾಯಾಗೆ ರಾಗಿಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಗಿದಳು, ಅಗಿಯಬಾರದು ಎಂದೆ, ನುಂಗಿದಳು, ಕಣ್ಣಲ್ಲಿ ನೀರು ಬಂತು. ಬೇಸಿಗೆಯ ಸೆಕೆಗೆ ಮಧ್ಯಾಹ್ನವೆಲ್ಲ ಬರೀ ನೆಲದ ಮೇಲೆ ಮಲಗುತ್ತಿದ್ದಳು. ದೀಪಾವಳಿಗೆ ನಮ್ಮ ಬೀದಿ ನಾಯಿ ಕರಿಯನ ಹಣೆಗೆ ಕುಂಕುಮ ಇಟ್ಟು, ಕೊರಳಿಗೆ ಚೆಂಡುಹೂವಿನ ಹಾರ ಹಾಕಿ, ಎದುರಿಗೆ ಕೂತು ಕೈ ಮುಗಿದಳು. ಅವರ ಊರಲ್ಲಿ ಹಬ್ಬದಲ್ಲಿ ನಾಯಿಗೂ ಒಂದು ದಿನ ಪೂಜೆಯಂತೆ. ಕರಿಯ ಆ ಹಾರ ಹಾಕಿಕೊಂಡೇ ಬೀದಿಯೆಲ್ಲ ಸುತ್ತಿತು. ನಾನು ನಗುವುದೋ ಬೈಯುವುದೋ ತಿಳಿಯದೆ ಡೈರಿಗೆ ಹೋಗಿಬಿಟ್ಟೆ.

ಒಬ್ಬಳೇ ಮನೆಯಲ್ಲಿ ಏನು ಮಾಡುತ್ತಾಳೆ ಎಂದು ಸಂಜೆ ಹೊತ್ತು ಡೈರಿಗೆ ಕರೆದುಕೊಂಡು ಹೋಗತೊಡಗಿದೆ. ಕ್ಯಾನ್ ತೊಳೆದಳು, ಹಾಲು ಅಳೆದಳು, ಹೆಂಗಸರ ಮಾತು ಕೇಳಿ ಕೇಳಿ ಕನ್ನಡ ಕಲಿತಳು. ಅದಕ್ಕೇ ಅವಳ ಬಾಯಲ್ಲಿ "ಓಯ್ತೀನಿ, ಬತ್ತೀನಿ" ಬಿಟ್ಟು ಬೇರೆ ಕನ್ನಡ ಇಲ್ಲ.

ಐವಿಎಫ್ ಎಂದರೆ ಮೊದಲು ಇಂಜೆಕ್ಷನ್. ಹೊಟ್ಟೆಗೆ, ದಿನಾ, ಅದೇ ಹೊತ್ತಿಗೆ. ಹೊತ್ತು ತಪ್ಪಬಾರದು, ಮದ್ದು ಫ್ರಿಜ್ಜಿನಲ್ಲೇ ಇರಬೇಕು, ಹಾಗಂತ ಐಸ್ ಆಗುವಷ್ಟು ತಣ್ಣಗಾಗಬಾರದು. ಇದು ಮನುಷ್ಯರಿಗೆ ಹೇಳುವ ಮಾತೋ ಮೊಸರಿಗೆ ಹೇಳುವ ಮಾತೋ ಎಂದು ನನಗನ್ನಿಸಿತು. ಮಾಯಾ ತಾನೇ ಚುಚ್ಚಿಕೊಳ್ಳುತ್ತಿದ್ದಳು. ನಾನು ಹೊಟ್ಟೆಯ ಚರ್ಮ ಹಿಡಿದುಕೊಳ್ಳುತ್ತಿದ್ದೆ. ಚುಚ್ಚಿದ ಜಾಗವೆಲ್ಲ ನೀಲಿ ಕಟ್ಟಿತು. ಹೊಟ್ಟೆ ಊದಿತು. ಸಿಟ್ಟು ಬರುತ್ತಿತ್ತು, ಸುಮ್ಮನೆ ಅಳು ಬರುತ್ತಿತ್ತು, ಅದು ಹಾರ್ಮೋನಿಗೆ ಎಂದು ಡಾಕ್ಟರು ಹೇಳಿದ್ದರು. ನನಗೂ ಬರುತ್ತಿತ್ತು. ನನಗೆ ಯಾವ ಹಾರ್ಮೋನು?

ಊರಿಗೆ ಗೊತ್ತಾಗಬಾರದು ಅನ್ನುವುದು ಮಾಯಾಳ ಒಂದೇ ಮಾತು. "ಅತ್ತೆ, ಯಾರ್ಗೂ ಯೋಳ್ಬೇಡಿ." ಆಯಿತು ಎಂದಿದ್ದೆ.

ಒಂದು ಮಧ್ಯಾಹ್ನ ಬಿರುಗಾಳಿ ಮಳೆ ಬಂತು. ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಊರಿಗೆಲ್ಲ ಕರೆಂಟಿಲ್ಲ. ಇನ್ನು ಎಷ್ಟು ಹೊತ್ತೋ ಎಂದರೆ ಲೈನ್‌ಮ್ಯಾನ್ ಆಕಾಶ ನೋಡಿದ. ನಮ್ಮ ಫ್ರಿಜ್ಜು ಬೆಚ್ಚಗಾಗತೊಡಗಿತು, ನನ್ನ ಕೈಕಾಲು ತಣ್ಣಗಾಗತೊಡಗಿತು. ಡೈರಿಗೆ ಜನರೇಟರ್ ಇದೆ. ಅಲ್ಲಿ ದನದ ಔಷಧಿ ಇಡುವ ಪುಟ್ಟ ಫ್ರಿಜ್ಜೂ ಇದೆ. ಇಂಜೆಕ್ಷನ್ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಡಿದೆ.

ಸಂಜೆ ಇಂಜೆಕ್ಷನ್ ಹೊತ್ತು, ಹಾಲಿನ ಹೊತ್ತು ಎರಡೂ ಒಂದೇ. ಮಾಯಾ ಡೈರಿಯ ಹಿಂದಿನ ರೂಮಿಗೆ ಬಂದಳು. ಹೊರಗೆ ಹೆಂಗಸರು ಕ್ಯಾನ್ ಹಿಡಿದು ಸಾಲಾಗಿ ನಿಂತಿದ್ದರು. ನಾನು ಸೆಕ್ರೆಟರಿ ಆದಾಗಿನಿಂದ ಅವತ್ತೇ ಮೊದಲು ಹಾಲು ತೆಗೆದುಕೊಳ್ಳುವುದು ತಡವಾದದ್ದು. "ಏನ್ ಮಾಡ್ತಾ ಇದ್ದೀಯ ಒಳಗೆ?" ಎಂದು ಕೂಗಿಕೊಂಡು ಗುರುಸಿದ್ದಮ್ಮಕ್ಕ ಪರದೆ ಎತ್ತಿಯೇಬಿಟ್ಟಳು. ಮಾಯಾಳ ಹೊಟ್ಟೆ, ನನ್ನ ಕೈ, ಸೂಜಿ, ತೆರೆದ ಫ್ರಿಜ್ಜು. ಅವಳ ಹಿಂದೆ ಇನ್ನಷ್ಟು ಮುಖಗಳು.

"ಅದು ಹಸೀನ ಸೂಜಿ ಅಲ್ವಾ ಸೆಕ್ರೆಟ್ರಕ್ಕ?" ಎಂದು ಯಾರೋ ಗಾಬರಿಯಿಂದ ಕೇಳಿದರು.

"ಹಸೀಂದಲ್ಲ. ನನ್ನ ಸೊಸೇದು. ಮಗು ಆಗೋಕೆ," ಎಂದೆ.

ಬೇರೆ ಏನಾದರೂ ಹೇಳಬಹುದಿತ್ತು. ಸಕ್ಕರೆ ಕಾಯಿಲೆ ಎಂದಿದ್ದರೂ ನಡೆಯುತ್ತಿತ್ತು. ನನ್ನ ಬಾಯಿಗೆ ಸುಳ್ಳು ತಟ್ಟನೆ ಬರುವುದಿಲ್ಲ, ಅದೇ ತೊಂದರೆ.

ಊರ ಬಾಯಿ ಮುಚ್ಚೋಕಾಗುತ್ತದೆಯೇ? ಮಾರನೆಯ ದಿನದಿಂದ ಡೈರಿಯಲ್ಲಿ ಸಲಹೆಗಳ ಸುರಿಮಳೆ. ಕೆಟ್ಟ ಮನಸ್ಸಿನಿಂದ ಯಾರೂ ಆಡಲಿಲ್ಲ, ಅದನ್ನು ಹೇಳಬೇಕು. ಆದರೆ ಅವರಿಗೆ ಗೊತ್ತಿರುವುದು ದನ. "ನಮ್ಮ ಸೀಮೆಹಸೀಗೂ ಹಂಗೇ ಆಗಿತ್ತು ಕಣವ್ವ, ಡಾಕ್ಟ್ರು ಬಂದು ಬಂದು ಸೂಜಿ ಹಾಕಿ, ಕೊನೆಗೆ ಗಬ್ಬ ಕಟ್ತು." "ಕಡ್ಲೆಹಿಂಡಿ ತಿನ್ಸುದ್ರೆ ಬೇಗ ನಿಲ್ತದೆ." ನಾನೂ ಒಂದು ದಿನ, ಸಮಾಧಾನ ಮಾಡುವ ಭರದಲ್ಲಿ, "ನಮ್ಮ ಕೆಂದಿ ಹಸು ಎಷ್ಟು ಸಲಕ್ಕೆ ಕಟ್ಟಿತು ಗೊತ್ತಾ," ಎಂದುಬಿಟ್ಟೆ.

ಮಾಯಾ ಅನ್ನದ ತಟ್ಟೆ ಪಕ್ಕಕ್ಕಿಟ್ಟಳು.

"ಅತ್ತೆ, ನಾನು ಹಸು ಅಲ್ಲ."

ಅಷ್ಟೇ ಹೇಳಿದ್ದು. ಅವತ್ತು ಮತ್ತೆ ಊಟ ಮಾಡಲಿಲ್ಲ. ಸಂಜೆ ಡೈರಿಗೂ ಬರಲಿಲ್ಲ. ನಾನು ಹಾಲು ಅಳೆಯುತ್ತಾ ಸಾಲಿನಲ್ಲಿದ್ದ ಎಲ್ಲರಿಗೂ ಕೇಳುವಂತೆ ಹೇಳಿದೆ: "ಇನ್ನು ಮೇಲೆ ನನ್ನ ಸೊಸೆ ಮುಂದೆ ದನದ ಮಾತು ಎತ್ತಿದರೆ ಅವರ ಹಾಲು ವಾಪಸ್." ನಾನು ಬೈದದ್ದರಲ್ಲಿ ಅರ್ಧ ನನಗೇ ಎಂದು ಅವರಿಗೆ ಗೊತ್ತಿರಲಿಲ್ಲ.

ಮಾಯಾಳ ಅಂಡಾಶಯದಿಂದ ಮೊಟ್ಟೆ ತೆಗೆದ ದಿನ ಮಲ್ಲು ರಜ ಹಾಕಿ ಬಂದ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಆದರೂ ಹೇಳುತ್ತೇನೆ, ನನ್ನ ಮಗ ಆಸ್ಪತ್ರೆಯಲ್ಲಿ ಮೂರು ಕಾಸಿಗೆ ಪ್ರಯೋಜನವಿಲ್ಲದವನು. ಸೂಜಿ ಕಂಡರೆ ತಲೆ ಸುತ್ತಿ ಹೊರಗೆ ಹೋಗಿ ಟೀ ಕುಡಿಯುತ್ತಾನೆ. ಅನಸ್ತೇಶಿಯಾದಿಂದ ಎಚ್ಚರವಾಗುವಾಗ ಮಾಯಾ ಅವಳ ಭಾಷೆಯಲ್ಲಿ ಏನೋ ಗೊಣಗುತ್ತಿದ್ದಳು. ನನಗೆ ಅರ್ಥವಾದದ್ದು "ಆಮಾ" ಎಂಬ ಒಂದೇ ಮಾತು. ಅವರಲ್ಲಿ ಅಮ್ಮನನ್ನು ಹಾಗೆ ಕರೆಯುತ್ತಾರೆ. ಅವಳ ಅಮ್ಮ ಎಲ್ಲೋ ಬೆಟ್ಟದ ಮೇಲೆ ಮೇಕೆಗೆ ಸೊಪ್ಪು ತರುತ್ತಿರಬೇಕು, ಇಲ್ಲಿ ಅವಳ ಕೈ ಹಿಡಿದದ್ದು ನಾನು. ಆ ಹೊತ್ತು ನನಗೆ ನಾನು ತಪ್ಪು ಜಾಗದಲ್ಲಿ ನಿಂತ ಹಾಗೆ ಅನ್ನಿಸಿತು.

ಕೆಲವು ದಿನದ ಮೇಲೆ ಎಂಬ್ರಿಯೋ ಟ್ರಾನ್ಸ್‌ಫರ್, ಅಂದರೆ ಹೊರಗೆ ಬೆಳೆಸಿದ ಭ್ರೂಣವನ್ನು ಗರ್ಭಕೋಶಕ್ಕೆ ಬಿಡುವುದು. ಸ್ಕ್ರೀನಿನಲ್ಲಿ ಒಂದು ಬಿಳಿ ಚುಕ್ಕೆ ಮಿನುಗಿತು. "ಅದೇ," ಎಂದರು ಡಾಕ್ಟರು, ಈ ಸಲ ಮಾಯಾಳಿಗೇ. ಉಳಿದವನ್ನು ಫ್ರೀಜ್ ಮಾಡಿ ಇಡುತ್ತೇವೆ ಎಂದರು.

ಆಮೇಲೆ ಕಾಯುವುದು. ರಕ್ತ ಪರೀಕ್ಷೆಯವರೆಗೆ ಮಾಡುವುದು ಏನೂ ಇಲ್ಲ. ನನ್ನಂಥವಳಿಗೆ ಇದಕ್ಕಿಂತ ಶಿಕ್ಷೆ ಬೇರೆ ಬೇಡ. ಕೂತರೆ ನಿಲ್ಲಬೇಕು, ನಿಂತರೆ ಕೂರಬೇಕು. ತೊಳೆದ ಕ್ಯಾನ್‌ಗಳನ್ನೇ ಮತ್ತೆ ತೊಳೆದೆ. ಕರಿಯನಿಗೆ ಹಾಕಿದ ಅನ್ನವನ್ನೇ ಮತ್ತೆ ಹಾಕಿದೆ. ಮಾಯಾ ಬಾತ್‌ರೂಮಿಗೆ ಹೋದರೆ ಅವಳು ಬರುವವರೆಗೆ ಬಾಗಿಲ ಕಡೆಗೇ ಕಿವಿ. ಅವಳಿಗೂ ಅದು ಗೊತ್ತು. ಹೊರಗೆ ಬಂದವಳು ಏನೂ ಇಲ್ಲ ಎಂಬಂತೆ ತಲೆಯಾಡಿಸುತ್ತಿದ್ದಳು.

ನೆಗೆಟಿವ್.

ಫೋನಿನಲ್ಲಿ ಹೇಳಿದರು. ನರ್ಸು ಸಾರಿ ಎಂದಳು. ಮಾಯಾ ಥ್ಯಾಂಕ್ಸ್ ಎಂದಳು. ಹೋಟೆಲಿನಲ್ಲಿ ಕೆಲಸ ಮಾಡಿದವರಿಗೆ ಎಂಥ ಹೊತ್ತಿನಲ್ಲೂ ಥ್ಯಾಂಕ್ಸ್ ಬಾಯಿಗೆ ಬಂದುಬಿಡುತ್ತದೆ.

ಆಮೇಲೆ ಅವಳು ಮಾತು ಬಿಟ್ಟಳು. ಒಂದು ದಿನ ಮಲ್ಲು ಫೋನ್ ಮಾಡಿ, "ಅವ್ವ, ಅವಳ್ನ ಗೋಪಾಲಸ್ವಾಮಿ ಬೆಟ್ಟಕ್ಕಾದ್ರೂ ಕರ್ಕೊಂಡು ಬಾ, ನಾನೂ ಬತ್ತೀನಿ," ಎಂದ. ಆ ಬೆಟ್ಟಕ್ಕೆ ಮಕ್ಕಳಿಲ್ಲದವರು ಹರಕೆ ಹೊರುತ್ತಾರೆ. ಅವನು ಅದಕ್ಕೇ ಹೇಳಿದನೋ, ಸುಮ್ಮನೆ ಹೇಳಿದನೋ, ನಾನು ಕೇಳಲಿಲ್ಲ. ಗುಂಡ್ಲುಪೇಟೆಗೆ ಬಸ್ಸಿನಲ್ಲಿ ಹೋದೆವು. ದಾರಿಯುದ್ದಕ್ಕೂ ಹೊಲಗಳಲ್ಲಿ ಚೆಂಡುಹೂ ಅರಳಿತ್ತು. ಹೆಂಗಸರು ಕಿತ್ತು ಗೋಣಿಚೀಲಕ್ಕೆ ತುಂಬುತ್ತಿದ್ದರು.

"ಇಷ್ಟೊಂದು ಹೂವು ಯಾವ ದೇವ್ರಿಗೆ ಅತ್ತೆ?"

"ದೇವ್ರಿಗಲ್ಲ, ಫ್ಯಾಕ್ಟರಿಗೆ. ಬಣ್ಣ ತೆಗೀತಾರೆ."

"ನಮ್ಮೂರಲ್ಲಾಗಿದ್ರೆ ಒಂದು ನಾಯೀನೂ ಹಾರ ಹಾಕ್ದೆ ಬುಡ್ತಿರ್ಲಿಲ್ಲ," ಎಂದಳು. ಎಷ್ಟೋ ದಿನಕ್ಕೆ ಒಂದು ಪೂರ್ತಿ ವಾಕ್ಯ.

ಬೆಟ್ಟದ ಬುಡದಲ್ಲಿ ಮಲ್ಲು ಸೇರಿಕೊಂಡ. ಅಲ್ಲಿಂದ ಮೇಲಕ್ಕೆ ಸರ್ಕಾರಿ ಬಸ್ಸು. ಮೇಲೆ ಮಂಜು ಎಷ್ಟಿತ್ತೆಂದರೆ ಗೋಪುರವೇ ಕಾಣಲಿಲ್ಲ. ಎಲ್ಲರೂ ಶಾಲು ಸುತ್ತಿಕೊಂಡರೆ ಇವಳು ಹೊದ್ದಿದ್ದನ್ನು ತೆಗೆದು ನನ್ನ ಕೈಗೆ ಕೊಟ್ಟು, ಗಾಳಿಗೆ ಮುಖ ಒಡ್ಡಿ ನಿಂತಳು. ಮಲ್ಲು ಪೂಜೆಗೆ ಸಾಲಿನಲ್ಲಿ ನಿಂತ. ನಾನು ಮಾಯಾಳ ಹತ್ತಿರವೇ ಉಳಿದೆ.

"ಇನ್ನೊಂದು ಸಲ ಮಾಡ್ಸನ ಅತ್ತೆ," ಎಂದಳು, ನನ್ನ ಕಡೆ ನೋಡದೆ. "ಆಗ್ನಿಲ್ಲ ಅಂದ್ರೆ ನಾನು ಊರ್ಗೆ ಓಯ್ತೀನಿ. ಮತ್ತೆ ಬರಾಕಿಲ್ಲ. ಮಲ್ಲುಗೆ ಬೇರೆ ಮದ್ವೆ ಮಾಡಿ. ಅವುನ್ಗೆ ಈಗ್ಲೇ ಯೋಳ್ಬೇಡಿ."

ಹೋಗಬೇಡ ಎನ್ನಬೇಕಿತ್ತು. ಆದರೆ ಬಾ ಎಂದು ಕರೆದವಳು ನಾನೇ, ನೋಡಿಕೊಳ್ಳುತ್ತೇನೆ ಎಂದವಳು ನಾನೇ. ಅವಳು ಇಲ್ಲಿಗೆ ಬಂದು ಪಡೆದದ್ದೇನು? ಹೊಟ್ಟೆ ತುಂಬ ನೀಲಿ ಗಾಯ, ಊರ ಬಾಯಲ್ಲಿ ತನ್ನ ಗರ್ಭಕೋಶದ ಸಮಾಚಾರ. ಯಾವ ಮುಖ ಇಟ್ಟುಕೊಂಡು ಹೋಗಬೇಡ ಎನ್ನಲಿ? ಶಾಲು ಮಡಿಸಿದೆ, ಬಿಚ್ಚಿದೆ, ಮತ್ತೆ ಮಡಿಸಿದೆ.

ಎರಡನೇ ಸಲ ಫ್ರೀಜ್ ಮಾಡಿದ್ದ ಎಂಬ್ರಿಯೋ. ಈ ಸಲ ಇಂಜೆಕ್ಷನ್ ಸೊಂಟದ ಕೆಳಗೆ, ಎಣ್ಣೆಯಂಥ ಮದ್ದು. ಗಂಟು ಕಟ್ಟುತ್ತಿತ್ತು. ನಾನು ಬಿಸಿನೀರಿನ ಬಟ್ಟೆ ಒತ್ತುತ್ತಿದ್ದೆ. ಡೈರಿಯಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಮಾಯಾ ಕ್ಯಾನ್ ಎತ್ತಲು ಬಗ್ಗಿದರೆ ಸಾಕು, ಸಾಲಿನಲ್ಲಿದ್ದವರು ಬಂದು ಎತ್ತಿಡುತ್ತಿದ್ದರು. ಗುರುಸಿದ್ದಮ್ಮಕ್ಕ ಅಂತೂ ಅವಳು ಬರುವ ಮೊದಲೇ ಬಂದು ಸ್ಟೂಲು ಒರೆಸಿ ಇಡುತ್ತಿದ್ದಳು. ಇಟ್ಟು, ನನಗೆ ಬೈಯುತ್ತಿದ್ದಳು, ಕೂಸನ್ನ ಕೆಲಸಕ್ಕೆ ಹಚ್ಚಿದ್ದೀಯ ಎಂದು.

ರಕ್ತ ಪರೀಕ್ಷೆಯವರೆಗೂ ಹೋಗಲಿಲ್ಲ. ಒಂದು ಬೆಳಿಗ್ಗೆ ನಾನು ಡೈರಿಯಿಂದ ಬರುವಷ್ಟರಲ್ಲಿ ಮಾಯಾ ಹಿತ್ತಿಲಿನ ಕಲ್ಲಿನ ಹತ್ತಿರ ಕೂತು ಲಂಗ ಒಗೆಯುತ್ತಿದ್ದಳು. ನೀರು ಕೆಂಪಗಿತ್ತು.

ನಾನು ಲಂಗ ಕಿತ್ತುಕೊಂಡು ಒಗೆದೆ.

ಅವಳು ಹೋಗುತ್ತೇನೆ ಎಂದಳು. ಅವರ ಹಬ್ಬ ಹತ್ತಿರವಿತ್ತು, ಅಮ್ಮನನ್ನು ನೋಡಿ ಬಹಳ ದಿನವಾಯಿತು ಎಂದು ಮಲ್ಲುವಿಗೆ ಹೇಳಿದಳು. ಪಾಪ, ಅವನು ಖುಷಿಯಾಗಿ ಟಿಕೆಟ್ ಮಾಡಿಸಿದ. ಬೆಂಗಳೂರಿನವರೆಗೆ ಬಿಟ್ಟು ಬರುತ್ತೇನೆ ಎಂದ. ಅವಳ ಬ್ಯಾಗು ಬಂದಾಗ ಎಷ್ಟು ತುಂಬಿತ್ತೋ ಹೋಗುವಾಗಲೂ ಅಷ್ಟೇ ತುಂಬಿತ್ತು. ಒಂದು ಸೀರೆಯನ್ನೂ ಬಿಟ್ಟು ಹೋಗುತ್ತಿಲ್ಲ ಎಂಬುದು ನನ್ನ ಕಣ್ಣಿಗೆ ಬಿತ್ತು, ಅವನ ಕಣ್ಣಿಗೆ ಬೀಳಲಿಲ್ಲ.

ಹೊರಡುವ ಬೆಳಿಗ್ಗೆ ನಾನು ಏನು ಮಾಡಿದೆ ಎಂದು ಈಗಲೂ ನನಗೆ ಆಶ್ಚರ್ಯ. ಆಟೋ ಬಂದು ನಿಂತಿತ್ತು. ಅವಳು ಕಾಲಿಗೆ ನಮಸ್ಕಾರ ಮಾಡಿದಳು. ನಾನು ಒಳಗೆ ಹೋದೆ. ಮೊರಕ್ಕೆ ಅಕ್ಕಿ ಹಾಕಿದೆ, ಬೆಲ್ಲ ಇಟ್ಟೆ, ತೆಂಗಿನಕಾಯಿ, ವೀಳ್ಯದೆಲೆ, ಅರಿಶಿನದ ಕೊಂಬು, ಹೊಸ ರವಿಕೆ ಬಟ್ಟೆ ಇಟ್ಟೆ. ಅವಳನ್ನು ಮಣೆಯ ಮೇಲೆ ಕೂರಿಸಿ, ಸೆರಗು ಹಿಡಿಯಲು ಹೇಳಿ, ಮಡಿಲಕ್ಕಿ ಸುರಿದು ಗಂಟು ಕಟ್ಟಿಬಿಟ್ಟೆ. ನನಗೆ ಹೆಣ್ಣುಮಕ್ಕಳಿಲ್ಲ. ಇದನ್ನು ನನಗೆ ನನ್ನವ್ವ ಮಾಡಿದ್ದಳು, ನಾನು ಯಾರಿಗೂ ಮಾಡಿರಲಿಲ್ಲ. ಕೈ ತಾನೇ ಮಾಡಿತು. ಅವಳು ಇದೇನೆಂದು ಕೇಳಲಿಲ್ಲ, ಗಂಟನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಆಟೋ ಹತ್ತಿದಳು.

ಆಟೋ ತಿರುವು ದಾಟಿತು. ಬೇಲಿಯ ಆಚೆ ನಿಂತಿದ್ದ ಗುರುಸಿದ್ದಮ್ಮಕ್ಕ ಬಾಯಿಗೆ ಕೈ ಇಟ್ಟುಕೊಂಡಳು.

"ಏನ್ ಮಾಡ್ಬುಟ್ಟೆ ನೀನು? ಮಡ್ಲಕ್ಕಿ ಅವ್ವ ಮಗಳ್ಗೆ ಕಟ್ಟಿ ಗಂಡನ ಮನೆಗೆ ಕಳ್ಸೋದು ಕಣಮ್ಮಿ. ನೀನು ಅತ್ತೆ. ಗಂಡನ ಮನೇಲೇ ಕಟ್ಟಿ ಕಳ್ಸುದ್ರೆ ಅವ್ಳು ಇನ್ಯಾವ ಗಂಡನ ಮನೆಗೆ ಓಗ್ಬೇಕು?"

ನಾನು ಬೇಲಿಯ ಕಡೆ ತಿರುಗಿದೆ.

"ಒಂದಿಡಿ ಅಕ್ಕಿ ವಾಪಸ್ ಬುಟ್ಟೋದ್ಲಾ?"

ಇಲ್ಲ. ಅದೂ ಆಗಲಿಲ್ಲ. ಮಡಿಲು ತುಂಬಿಸಿಕೊಂಡ ಮಗಳು ಅದರಲ್ಲಿ ಒಂದು ಹಿಡಿ ತವರಿನಲ್ಲೇ ಬಿಟ್ಟು ಹೋಗಬೇಕು, ತವರು ತಣ್ಣಗಿರಲಿ ಎಂದು. ನನ್ನವ್ವ ನನ್ನ ಕೈ ಹಿಡಿದು ಬಿಡಿಸುತ್ತಿದ್ದಳು. ನಾನು ಮಾಯಾಳಿಗೆ ಹೇಳಿಕೊಡಲಿಲ್ಲ. ಅವಳು ಒಂದು ಕಾಳೂ ಬಿಡದೆ ಹೊತ್ತುಕೊಂಡು ಹೋದಳು.

"ಅಕ್ಕ, ಇದೆಲ್ಲ ನಂಬೋ ಕಾಲ ಅಲ್ಲ," ಎಂದೆ. ಹೇಳಿ ಒಳಗೆ ಬಂದು ಮೊರ ನೋಡಿದೆ. ಖಾಲಿ ಮೊರ.

ಆ ದಿನಗಳು ಹೇಗೆ ಕಳೆದವು ಎಂದು ಹೇಳಲು ಬರುವುದಿಲ್ಲ. ಕಾಯಿಲೆ ಅವಳದ್ದು, ಅವಳೇ ಇಲ್ಲ, ಆದರೂ ಆ ಕಾಯಿಲೆಯ ಹೊತ್ತು ನನ್ನಲ್ಲಿ ಉಳಿದುಕೊಂಡಿತ್ತು. ಸಂಜೆ ಇಂಜೆಕ್ಷನ್ ಸಮಯಕ್ಕೆ ಸರಿಯಾಗಿ ಕೈ ಫ್ರಿಜ್ಜಿನ ಕಡೆ ಹೋಗುತ್ತಿತ್ತು. ಫ್ಯಾಟ್ ತಪ್ಪು ಓದಿ ಬೈಸಿಕೊಂಡೆ, ನಾನು! ಅವಳು ಫೋನ್ ಮಾಡಿದರೆ ಬೆಟ್ಟದಲ್ಲಿ ಸಿಗ್ನಲ್ ನಿಲ್ಲುತ್ತಿರಲಿಲ್ಲ. "ಉಷಾರಾ ಅತ್ತೆ? ಕರಿಯ ಉಂಡ್ತಾ?" ಅಷ್ಟರಲ್ಲಿ ಕಟ್. ಬರುತ್ತೀಯಾ ಎಂಬ ಮಾತು ನಾಲಿಗೆ ತುದಿಗೆ ಬಂದು ನಿಲ್ಲುತ್ತಿತ್ತು. ಕೇಳಿ, ಇಲ್ಲ ಎಂದರೆ?

ಮಲ್ಲುವಿಗೆ ಹೇಳಿದೆ. ಇನ್ನು ಮುಚ್ಚಿಡುವುದು ನನ್ನಿಂದ ಆಗಲಿಲ್ಲ. "ಅವಳು ವಾಪಸ್ ಬರ್ದೆ ಇರಬಹುದು. ಬರ್ದಿದ್ರೆ ನೀನು ಅಲ್ಲಿಗೆ ಓಗು. ಇಲ್ಲಿ ಇನ್ನೊಂದು ಮದುವೆ ಮಾತು ಯಾರಾದ್ರೂ ಎತ್ತುದ್ರೆ ನನ್ನ ಮನೆ ಮೆಟ್ಲು ಹತ್ಕೂಡದು."

"ಯಾರವ್ವ ಎತ್ತಿದ್ದು?" ಎಂದ. "ನಂಗೆ ಅವ್ಳು ಬೇಕು. ಮಗು ಆದ್ರೂ ಅಷ್ಟೆ, ಆಗ್ದಿದ್ರೂ ಅಷ್ಟೆ."

ಆಸ್ಪತ್ರೆಯಲ್ಲಿ ಟೀ ಕುಡಿಯಲು ಓಡಿಹೋಗುವವನ ಬಾಯಲ್ಲಿ ಇಂಥ ಮಾತು ಇದೆ ಎಂದು ನನಗೆ ಗೊತ್ತಿರಲಿಲ್ಲ. ಅವಳಿಗೆ ಹೇಳು ಇದನ್ನ, ನನಗಲ್ಲ, ಎಂದು ಫೋನ್ ಇಟ್ಟೆ. ಹೇಳಿದನಂತೆ. ಅವಳು ಅತ್ತಳಂತೆ. ಬರುತ್ತೇನೆ ಎನ್ನಲಿಲ್ಲವಂತೆ.

ಹಬ್ಬ ಮುಗಿಯಿತು. ಈ ಸಲ ಕರಿಯನಿಗೆ ಹಾರ ಇರಲಿಲ್ಲ.

ಒಂದು ಸಂಜೆ ಹಾಲು ಅಳೆಯುತ್ತಿದ್ದೆ. ಕೊನೆಯ ಕ್ಯಾನ್ ಎಂದುಕೊಂಡು ತಲೆ ಎತ್ತದೆ ಕೈ ಚಾಚಿದೆ. ಕ್ಯಾನ್ ಬರಲಿಲ್ಲ. ಒಂದು ಬಟ್ಟೆ ಗಂಟು ಬಂತು.

ನಾನು ಮಡಿಲಕ್ಕಿಯ ಜೊತೆ ಕೊಟ್ಟ ಅದೇ ರವಿಕೆ ಬಟ್ಟೆ. ಹಿಡಿದ ಕೈ ಮಾಯಾಳದ್ದು.

ಹೆಂಗಸರು ಹಾಲು ಕೊಟ್ಟು ಹೋಗಬೇಕಾದವರು ಯಾರೂ ಹೋಗಲಿಲ್ಲ. ಮಲ್ಲು ಬಾಗಿಲಲ್ಲಿ ಬ್ಯಾಗು ಹಿಡಿದು ಹಲ್ಲು ಕಿರಿಯುತ್ತಾ ನಿಂತಿದ್ದ. ಚಾಮರಾಜನಗರ ಸ್ಟೇಷನ್ನಿಂದ ಕರೆದುಕೊಂಡು ಬಂದಿದ್ದಾನೆ, ನನಗೊಂದು ಮಾತು ಹೇಳದೆ.

"ದೊಡ್ಡತ್ತೆ ಫೋನ್ ಮಾಡಿ ಬೈದ್ರು," ಎಂದಳು ಮಾಯಾ. "ಒಂದಿಡಿ ಬುಟ್ಟೋಗ್ಬೇಕಿತ್ತಂತೆ. ಸಾಲ ಇಟ್ಕೊಂಡು ಓಗಿದ್ದೀಯ, ಬಂದು ಬುಡು ಅಂದ್ರು."

ನಾನು ಗುರುಸಿದ್ದಮ್ಮಕ್ಕನ ಕಡೆ ತಿರುಗಿದೆ. ಅವಳು ಕ್ಯಾನಿನ ಮುಚ್ಚಳದಲ್ಲಿ ಏನೋ ಹುಡುಕುತ್ತಿದ್ದಳು. ನನಗೆ ಕೇಳಲು ಧೈರ್ಯ ಬಾರದ ಮಾತನ್ನು ಇವಳು ಬೈಗುಳ ಮಾಡಿ ಬೆಟ್ಟದಾಚೆಗೆ ಕಳಿಸಿದ್ದಳು.

"ನಮ್ಮ ಆಮಾಗೆ ಯೋಳ್ದೆ," ಎಂದು ಮಾಯಾ ಮುಂದುವರಿಸಿದಳು. "ನಿಮ್ಮ ಅಕ್ಕಿ ಬೇಯ್ಸಿ ಮನೇರ್ಗೆಲ್ಲ ಬಡುಸ್ಬುಟ್ಟಿದ್ರು. ಇದು ಅವ್ವ ಮಗಳ್ಗೆ ಕೊಡೋ ಅಕ್ಕಿಯಂತೆ ಅಂದೆ. ಹಂಗಾದ್ರೆ ಅದೂ ನಿಂಗೆ ತವರಲ್ವಾ, ಇಲ್ಲಿ ಯಾಕೆ ಮೂತಿ ಇಳೇಬುಟ್ಕೊಂಡು ಕುಂತಿದ್ದೀಯ ಅಂದ್ರು. ಇದು ಅವ್ರು ಕೊಟ್ಟಿದ್ದು."

ಮನೆಗೆ ಬಂದೆವು. ಮಾಯಾ ಕೈಕಾಲು ತೊಳೆದು ನೇರ ಅಡುಗೆಮನೆಗೆ ಹೋದಳು. ಗಂಟು ಬಿಚ್ಚಿದಳು. ಸ್ವಲ್ಪ ಕೆಂಪಗಿನ ಗುಂಡು ಅಕ್ಕಿ. ಒಂದು ಹಿಡಿ ತೆಗೆದು ನಮ್ಮ ಅಕ್ಕಿ ಡ್ರಮ್ಮಿಗೆ ಹಾಕಿದಳು.

ಬಾಗಿಲಲ್ಲಿ ನಿಂತಿದ್ದ ಗುರುಸಿದ್ದಮ್ಮಕ್ಕ ಸುಮ್ಮನಿದ್ದಾಳೆಯೇ? "ಅಯ್ಯೋ ಕೂಸೆ, ಅದು ಓಗೋವಾಗ ಬುಡೋದು, ಬಂದಾಗಲ್ಲ! ಆರಿಸಿ ತೆಗಿ."

"ಇರ್ಲಿ ಬುಡಿ ದೊಡ್ಡತ್ತೆ," ಎಂದಳು ಮಾಯಾ. "ಮುಂದಿನ್ಸಲ ಓಗೋವಾಗ ಇನ್ನೊಂದಿಡಿ ಬುಟ್ಟು ಓಯ್ತೀನಿ."

ಮುಂದಿನ ಸಲ. ಅವಳು ಅದನ್ನು ಎಷ್ಟು ಸಲೀಸಾಗಿ ಹೇಳಿದಳೆಂದರೆ ನಾನು ಒಲೆಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತುಕೊಳ್ಳಬೇಕಾಯಿತು.

ಆಸ್ಪತ್ರೆಯ ಫ್ರೀಜರಿನಲ್ಲಿ ಇನ್ನೂ ಎಂಬ್ರಿಯೋ ಇದೆ. ಮೊನ್ನೆ ಅಲ್ಲಿಂದ ಫೋನ್ ಬಂದಿತ್ತು, ಮುಂದಿನ ಸೈಕಲ್ ಯಾವಾಗ ಎಂದು. ನಾನು ಫೋನನ್ನು ಮಾಯಾಳ ಕೈಗೆ ಕೊಟ್ಟು ಹಿತ್ತಿಲಿಗೆ ಹೋದೆ. ಅವಳು ಏನು ಹೇಳಿದಳೋ ಕೇಳಿಲ್ಲ. ಹೇಳಬೇಕೆನಿಸಿದಾಗ ಹೇಳುತ್ತಾಳೆ. ಆಗಲಿ ಎಂಬ ಆಸೆ ನನಗಿದೆ, ಇಲ್ಲ ಎಂದರೆ ಸುಳ್ಳಾಗುತ್ತದೆ, ಸುಳ್ಳು ನನಗೆ ಬರುವುದಿಲ್ಲ ಎಂದು ಆಗಲೇ ಹೇಳಿದ್ದೇನೆ. ಚಡಪಡಿಕೆಯೂ ಪೂರ್ತಿ ಹೋಗಿಲ್ಲ. ಆದರೆ ಅವಳು ಬಾತ್‌ರೂಮಿಗೆ ಹೋದರೆ ಈಗ ನಾನು ಬಾಗಿಲಿಗೆ ಕಿವಿ ಕೊಡುವುದಿಲ್ಲ.

ಅವತ್ತು ಗುರುಸಿದ್ದಮ್ಮಕ್ಕ ಬಿಡದೆ ಡ್ರಮ್ಮಿನೊಳಗೆ ಕೈ ಹಾಕಿ ಕೆಂಪು ಕಾಳು ಹುಡುಕಿದಳು. ಆಗಲೇ ಬೆರೆತುಹೋಗಿತ್ತು. ಸಿಕ್ಕ ನಾಲ್ಕು ಕಾಳನ್ನು ಅಂಗೈಯಲ್ಲಿ ಇಟ್ಟುಕೊಂಡು ಏನು ಮಾಡುವುದು ಎಂಬಂತೆ ನನ್ನ ಮುಖ ನೋಡಿದಳು. ನಾನು ಅದನ್ನು ಇಸಿದುಕೊಂಡು ಪಾತ್ರೆಗೆ ಹಾಕಿ, ಮೇಲೆ ನಮ್ಮ ಅಕ್ಕಿ ಅಳೆದು ಹಾಕಿ, ತೊಳೆದು ಅನ್ನಕ್ಕಿಟ್ಟೆ.